ಪಂದ್ಯದ ದಿನದ ನರಹುಲಿ

ಬೆಳಬೆಳಗ್ಗೆ ಮರ್ಟಲ್ ಎಂಬ ಹಸು ಒದ್ದ ಒದೆಗೆ ಮರ್ವ್ ಬಕೆಟ್ ಸಮೇತ ಸಗಣಿಯಲ್ಲಿ ಕೂತ. ತಪ್ಪು ಹಸುವಿನದಲ್ಲ. ಅವನ ತೋರುಬೆರಳಿನಲ್ಲಿ ಕಡಲೆಕಾಳಿನಷ್ಟು ದಪ್ಪದ ನರಹುಲಿ ಎದ್ದು, ಅಭ್ಯಾಸಕ್ಕೆಂದು ಕೈಯಲ್ಲಿ ಕರೆಯುವಾಗ ಮೊಲೆಗೆ ಚುಚ್ಚುತ್ತಿತ್ತು.

ಮಧ್ಯಾಹ್ನ ಎರಡಕ್ಕೆ ಊರ ಮೇಳದಲ್ಲಿ ಕೈಯಲ್ಲಿ ಹಾಲು ಕರೆಯುವ ಪಂದ್ಯ. ಹೈನುಗಾರರ ಸೀಮೆಯಾದ ಗಿಪ್ಸ್‌ಲ್ಯಾಂಡಿನಲ್ಲಿ ಈಗ ಎಲ್ಲರ ಕೊಟ್ಟಿಗೆಯಲ್ಲೂ ಯಂತ್ರವೇ ಕರೆಯುವುದು. ಆದರೂ ಆ ಕಪ್ ಎಂದರೆ ಜನ ಪ್ರಾಣ ಬಿಡುತ್ತಾರೆ. ಒಂಬತ್ತು ವರ್ಷದಿಂದ ಅದು ಪಕ್ಕದ ಫಾರಂನ ಥೆಲ್ಮಾಳ ಕಿಟಕಿಯಲ್ಲಿ ಕೂತು ಮರ್ವನ ಹೊಟ್ಟೆ ಉರಿಸುತ್ತಿತ್ತು.

"ಬಾಳೆಹಣ್ಣಿನ ಸಿಪ್ಪೆ ಕಟ್ಕೋ ಮರ್ವ್," ಎಂದಳು ಹೆಂಡತಿ ಗ್ಲೆನಿಸ್. ಕಟ್ಟಿಕೊಂಡು ಕೊಟ್ಟಿಗೆಗೆ ಹೋದ. ಮರ್ಟಲ್ ಸಿಪ್ಪೆಯನ್ನು ತಿಂದುಬಿಟ್ಟಿತು.

ಬೇಲಿಯಾಚೆಯಿಂದ ನೆರೆಯ ನೆವ್ ಇಣುಕಿದ. "ಸಿಪ್ಪೆಯಂತೆ ಸಿಪ್ಪೆ! ಆ ಕಳೆಗಿಡ ಮುರಿದು ಅದರ ಹಾಲು ಹಚ್ಚಯ್ಯ. ನಮ್ಮಜ್ಜಿ ದಿನಾ ಹಚ್ತಿದ್ಲು."

"ಹೋಯ್ತಾ?"

"ಅಜ್ಜಿ ಹೋದ್ಲು. ನರಹುಲಿ ವಿಷಯ ನೆನಪಿಲ್ಲ."

ಡಾಕ್ಟರು ಸಿಗುವುದು ಮೂರು ವಾರದ ಮೇಲೆ. ಔಷಧಿ ಅಂಗಡಿಯಾಕೆ ಕನ್ನಡಕ ಏರಿಸಿ ಬೆರಳು ನೋಡಿದಳು. "ಇದು ಪ್ಯಾಪಿಲೋಮಾ ಅನ್ನೋ ವೈರಸ್ಸು. ಅದನ್ನ ಸಾಯಿಸೋ ಮದ್ದಿಲ್ಲ, ನರಹುಲಿ ಮಾತ್ರ ತೆಗೀಬಹುದು. ಈ ಆಸಿಡ್ ದಿನಾ ಹಚ್ಚಿ, ಉಜ್ತಾ ಇರಿ. ಹನ್ನೆರಡು ವಾರ."

"ನಂಗಿರೋದು ನಾಲ್ಕು ಗಂಟೆ ಕಣಮ್ಮ!"

"ಹಾಗಾದ್ರೆ ಸುಮ್ನಿರಿ. ಒಂದೆರಡು ವರ್ಷದಲ್ಲಿ ತಾನೇ ಹೋಗತ್ತೆ."

ಮರ್ವ್ ಹಲ್ಲು ಕಡಿಯುತ್ತಾ ಮನೆಗೆ ಬಂದರೆ, ಅಂಗಳದಲ್ಲಿ ಶಿರ್ಲಳ ಗಾಡಿ ನಿಂತಿತ್ತು. ಹಸುಗಳಿಗೆ ಕೃತಕ ಗರ್ಭಧಾರಣೆ ಮಾಡುವವಳು ಆಕೆ. ಹೋರಿಗಳ ವೀರ್ಯ ಕೆಡದಂತೆ ಅವಳ ಹಂಡೆಯಲ್ಲಿ ಹಿಮಕ್ಕಿಂತ ತಣ್ಣಗಿನ ದ್ರವ ಸಾರಜನಕ ಹೊಗೆಯಾಡುತ್ತಿತ್ತು.

"ಡಾಕ್ಟರು ನರಹುಲಿ ಸುಡೋದು ಇದರಲ್ಲೇ ಅಲ್ವೇನೆ?"

"ಇದರಲ್ಲೇ. ಅವರು ಕೆಲವೇ ಸೆಕೆಂಡು ಮುಟ್ಟಿಸ್ತಾರೆ. ನೀನು ಮುಟ್ಬೇಡ ಮಾರಾಯ," ಎಂದು ಶಿರ್ಲ್ ಕೈಗವಸು ಹಾಕಿಕೊಂಡು ಹಸುವಿನ ಹಿಂದೆ ಹೋದಳು.

ಕೆಲವು ಸೆಕೆಂಡಿಗೆ ಅಷ್ಟು ಗುಣವಾದರೆ ಒಂದು ನಿಮಿಷಕ್ಕೆ ಎಷ್ಟಾಗಬೇಡ ಎಂದು ಮರ್ವ್ ಲೆಕ್ಕ ಹಾಕಿದ. ಹತ್ತಿ ಅದ್ದಿ ಒತ್ತಿ ಹಿಡಿದ. ಅವನ ಕಿರುಚಾಟಕ್ಕೆ ನೆವ್‌ನ ನಾಯಿ ಬೇಲಿ ಹಾರಿತು.

ಎರಡು ಗಂಟೆಯ ಹೊತ್ತಿಗೆ ನರಹುಲಿ ಇದ್ದ ಜಾಗದಲ್ಲಿ ದ್ರಾಕ್ಷಿಯಷ್ಟು ದೊಡ್ಡ ಗುಳ್ಳೆ ಎದ್ದಿತ್ತು. ಆದರೂ ಅವನು ಮರ್ಟಲನ್ನು ಹೊಡೆದುಕೊಂಡು ಮೈದಾನಕ್ಕೆ ಹೋದ.

"ಎಲ್ರೂ ಕೈ ತೋರ್ಸಿ," ಎಂದ ತೀರ್ಪುಗಾರ. ಮರ್ವನ ಬೆರಳು ನೋಡಿ ಒಂದು ಹೆಜ್ಜೆ ಹಿಂದೆ ಸರಿದ. "ಅಯ್ಯಯ್ಯೋ! ಇದು ಒಡೆದ್ರೆ ಹಾಲಿಗೇ ಬೀಳತ್ತೆ. ಗುಳ್ಳೆ, ಗಾಯ ಇದ್ದೋರು ಕೂರೋ ಹಾಗಿಲ್ಲಪ್ಪ. ನೀನು ಆಚೆ ನಡಿ."

"ಬೆಳಗ್ಗೆ ಬರೀ ನರಹುಲಿ ಇತ್ತು ಸಾರ್!"

"ಅಷ್ಟೇ ಆಗಿದ್ರೆ ಕೂತ್ಕೋಬಹುದಿತ್ತು. ನರಹುಲಿಗೆ ಯಾವ ನಿಯಮಾನೂ ಇಲ್ಲ."

ಥೆಲ್ಮಾ ಹತ್ತನೇ ಸಲ ಗೆದ್ದಳು. ಕಪ್ ಕಂಕುಳಲ್ಲಿ ಇರುಕಿಕೊಂಡು ಮರ್ವನ ಬಳಿ ಬಂದು, ಕತೆ ಕೇಳಿ ಹಣೆ ಚಚ್ಚಿಕೊಂಡಳು.

"ನರಹುಲಿ ಸುಟ್ಕೊಂಡ್ಯಾ? ಪೆದ್ದಪ್ಪ! ಇಲ್ನೋಡು." ಎರಡೂ ಅಂಗೈ ಬಿಚ್ಚಿದಳು. ಬೆರಳು ಬೆರಳಿಗೂ ನರಹುಲಿ. "ಹತ್ತು ವರ್ಷದಿಂದ ಸಾಕ್ಕೊಂಡಿದೀನಿ. ಹಸು ಮೊದಮೊದಲು ಒದೆಯತ್ತೆ, ಆಮೇಲೆ ಒಗ್ಗತ್ತೆ. ಈ ಗಂಟುಗಳ ಹಿಡಿತಕ್ಕೆ ಎಷ್ಟು ಒದ್ದೆಯಾದ್ರೂ ಮೊಲೆ ಜಾರಲ್ಲ."

ಮರ್ವನಿಗೆ ಅಳುವೇ ಬಂತು. ಥೆಲ್ಮಾಳಿಗೂ ಕನಿಕರ ಬಂದಿರಬೇಕು, ದನಿ ತಗ್ಗಿಸಿ ಕೈ ಚಾಚಿದಳು.

"ಬೇಕಾದ್ರೆ ಕುಲುಕು. ಅಂಟುಜಾಡ್ಯ ಅದು, ಅದೃಷ್ಟ ಇದ್ರೆ ಮುಂದಿನ ಮೇಳದ ಹೊತ್ತಿಗೆ ಬರತ್ತೆ."

ಗ್ಲೆನಿಸ್ ಎಲ್ಲಾದರೂ ನೋಡುತ್ತಿದ್ದಾಳಾ ಎಂದು ಮರ್ವ್ ಸುತ್ತ ಕಣ್ಣಾಡಿಸಿ, ಆ ಕೈಯನ್ನು ಎಡಗೈಯಲ್ಲಿ ಹಿಡಿದು ಬಹಳ ಹೊತ್ತು ಕುಲುಕಿದ.