ಅತ್ತೆಯ ಕನ್ನಡಕ, ಅಳಿಯನ ಲೆನ್ಸು

ಮೂರ್ನಾಡಿನ ಸುತ್ತಮುತ್ತ ನನ್ನ ಕ್ಯಾಮರಾಕ್ಕೆ ಸಿಗದ ಮುಖವೇ ಇಲ್ಲ ಎಂದು ನಾನು ಎದೆ ತಟ್ಟಿಕೊಂಡು ಹೇಳುತ್ತಿದ್ದ ಕಾಲವೊಂದಿತ್ತು. ಮದುಮಗ, ಮದುಮಗಳು, ಅವರ ಮೊದಲ ಮಗು, ಪಾದ್ರಿ, ಪೊಲೀಸು, ಎಸ್ಟೇಟಿನ ದೊರೆ, ದೊರೆಯ ನಾಯಿ, ಎಲ್ಲರೂ ನನ್ನ ಸ್ಟುಡಿಯೋದ ಬಣ್ಣದ ಪರದೆಯ ಮುಂದೆ ಕೂತು ಎದ್ದವರೇ. ನಮ್ಮ ಕೊಡಗು ರಾಜ್ಯಕ್ಕೆ ಮೊದಲ ಚುನಾವಣೆ ನಡೆದಾಗ ಸೋತವರು ಕೂಡ ಬಂದು ಹಲ್ಲು ಕಾಣುವಂತೆ ನಕ್ಕು ಹೋಗಿದ್ದರು. ಉಳಿದಿದ್ದು ಒಂದೇ ಒಂದು ಮುಖ. ಈ ಸಣ್ಣಸ್ವಾಮಿ ಗಂಡಸೇ ಆಗಿದ್ದರೆ ಆ ಮುಖವನ್ನೂ ಹಿಡಿದೇ ತೀರುತ್ತೇನೆ ಎಂದು ಆ ವರ್ಷ ಪ್ರತಿಜ್ಞೆ ಮಾಡಿದೆ. ಆ ಮುಖ ನನ್ನ ಹೆಂಡತಿಯ ತಾಯಿ ನಿಂಗಮ್ಮನವರದು.

ಅತ್ತೆಯವರದು ಹಾಸನದ ಕಡೆಯಿಂದ ಕುಶಾಲನಗರದ ಹತ್ತಿರ ಬಂದು ನೆಲೆ ನಿಂತ ಒಕ್ಕಲು ಮನೆತನ. ನನ್ನ ಮಾವ ಪುಟ್ಟಸ್ವಾಮಿಯವರು ಬದುಕಿದ್ದಾಗ ಊರಿಗೆ ಯಾರೋ ಫೋಟೋದವನು ಬಂದಿದ್ದನಂತೆ. ಮಾವನವರು ರುಮಾಲು ಸುತ್ತಿಕೊಂಡು ಕುರ್ಚಿಯ ಮೇಲೆ ಕೂತರಂತೆ. ಫೋಟೋ ತೊಳೆದು ತರುತ್ತೇನೆಂದು ಹೋದವನು ಇತ್ತ ತಲೆ ಹಾಕಲಿಲ್ಲ. ತಿಂಗಳು ತುಂಬುವುದರೊಳಗೆ ಚಳಿಜ್ವರ ಬಂದು ಮಾವನವರೂ ಹೋದರು. ಫೋಟೋವೂ ಇಲ್ಲ, ಗಂಡನೂ ಇಲ್ಲ. ಇನ್ನು ನಾನು ಬದುಕಿರುವ ತನಕ ಫೋಟೋ ತೆಗೆಸಿಕೊಳ್ಳುವುದಿಲ್ಲ ಎಂದು ಅತ್ತೆ ಹೋದ ಗಂಡನ ಮೇಲೆ ಆಣೆ ಇಟ್ಟುಬಿಟ್ಟರು. ಅಂಥವರಿಗೆ ದೇವರು ಹುಡುಕಿ ಹುಡುಕಿ ಫೋಟೋಗ್ರಾಫರ್ ಅಳಿಯನನ್ನು ಕೊಟ್ಟ.

ಆ ಬೇಸಿಗೆಯಲ್ಲಿ ಅತ್ತೆ ನೆಂಟರ ಜೊತೆ ಕಾಶಿಗೆ ಹೊರಟಿದ್ದರು. ಹೊರಡುವ ಮುಂಚೆ ಹತ್ತು ದಿನ ಮಗಳ ಮನೆಯಲ್ಲಿದ್ದು ಹೋಗೋಣವೆಂದು ಮೂರ್ನಾಡಿಗೆ ಬಂದರು. ಬಂದವರು ಹಿತ್ತಲ ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕೂತು, ಗಂಗೆಗೆ ಆರತಿ ಮಾಡಲು ಹತ್ತಿಯ ಬತ್ತಿ ಹೊಸೆಯಲು ಶುರು ಮಾಡಿದರು. ಆಗಿನ ಕಾಲದಲ್ಲಿ ಕಾಶಿಗೆ ಹೋದವರು ತಿರುಗಿ ಬಂದಮೇಲೇ ಬಂದರೆಂದು ಲೆಕ್ಕ. ನನ್ನ ಹೆಂಡತಿ ಕಾಂತಮ್ಮ ಕೆಲಸ ಬಿಟ್ಟು ಬಂದು ತಾಯಿಯ ಪಕ್ಕದಲ್ಲಿ ಕೂತಳು.

"ಅವ್ವಾ, ಅಪ್ಪನ ಮುಖ ನಂಗೆ ಮರ್ತು ಹೋಗ್ತಾ ಇದೆ ಕಣವ್ವ. ಮೂಗು ನೆನಪಿದೆ, ಕಣ್ಣು ನೆನಪಿಗೆ ಬರಲ್ಲ. ನಿಂದೂ ಹಂಗೇ ಆದ್ರೆ ನಾನೇನು ಮಾಡ್ಲಿ? ಒಂದೇ ಒಂದು ಫೋಟೋ ತೆಗೆಸ್ಕೊ" ಎಂದಳು.

ಅತ್ತೆ ಬತ್ತಿ ಹೊಸೆಯುವುದನ್ನು ನಿಲ್ಲಿಸಿದರು. "ನಿಮ್ಮಪ್ಪನ ಮೇಲೆ ಆಣೆ ಇಟ್ಟಿದ್ದೀನವ್ವ. ಏನ್ ಮಾಡ್ಲಿ ಹೇಳು" ಎಂದರು. ಮತ್ತೆ ಹೊಸೆಯತೊಡಗಿದರು.

ಕಾಂತ ಒಳಗೆ ಬಂದು ನನ್ನ ಕಡೆ ತಿರುಗಿದಳು. "ಊರೋರ ಮುಖ ಎಲ್ಲ ಗೋಡೆ ಮೇಲೆ ನೇತು ಹಾಕಿದ್ದೀರಿ. ಮನೇಲಿ ಇರೋ ಅವ್ವಂದು ಒಂದು ತೆಗೆಯೋಕೆ ಆಗಲ್ವಾ ನಿಮ್ ಕೈಲಿ?"

ಈ ಮಾತು ನನ್ನನ್ನು ಚುಚ್ಚಿದ ಮಾರನೆಯ ದಿನವೇ ಹುದಿಕೇರಿಯ ತಿಮ್ಮಯ್ಯ ನನ್ನ ಸ್ಟುಡಿಯೋಕ್ಕೆ ಬಂದ. ತಿಮ್ಮಯ್ಯ ಕಾಫಿ ಬೆಳೆಗಾರ; ಫೋಟೋ ಅವನಿಗೆ ಹುಚ್ಚು. ವಿಲಾಯಿತಿಯಿಂದ ಫೋಟೋ ಪತ್ರಿಕೆ ತರಿಸುತ್ತಿದ್ದ. ವಿರಾಜಪೇಟೆಯಲ್ಲಿ ಸ್ಟುಡಿಯೋ ಇಟ್ಟಿದ್ದ ಚನ್ನಮಲ್ಲಪ್ಪನೂ ಅಂದು ಅಲ್ಲೇ ಇದ್ದ. ತಿಮ್ಮಯ್ಯ ಪತ್ರಿಕೆಯನ್ನು ಮೇಜಿನ ಮೇಲೆ ಹರಡಿದ. ಜರ್ಮನಿಯ ಕಂಪನಿಯೊಂದು ಹೊಸ ಲೆನ್ಸು ಮಾಡಿದೆ, ಎಷ್ಟೋ ದೂರದ ವಸ್ತು ಮೂಗಿನ ಮುಂದೆ ಬಂದು ನಿಲ್ಲುತ್ತದೆ ಎಂಬ ಪ್ರಕಟಣೆ. ಪಕ್ಕದಲ್ಲಿ ಮೊಳದುದ್ದದ ಲೆನ್ಸಿನ ಚಿತ್ರ. ಮೂವರೂ ಹಸುಗೂಸನ್ನು ನೋಡಿದಂತೆ ಬಗ್ಗಿ ನೋಡಿದೆವು.

"ಕುಟ್ಟದ ಕಾಡಲ್ಲಿ ಆನೆ ನಿಂತಿದ್ರೆ, ನಾನು ಜೀಪಿಂದ ಇಳೀದೆ ಅದರ ಕಣ್ಣಿನ ರೆಪ್ಪೆ ಎಣಿಸಬಹುದು" ಎಂದ ತಿಮ್ಮಯ್ಯ.

"ನನ್ನ ಸ್ಟುಡಿಯೋ ಇರೋದೇ ಹನ್ನೆರಡು ಅಡಿ ಉದ್ದ" ಎಂದ ಚನ್ನಮಲ್ಲಪ್ಪ. "ಇದನ್ನ ಹಾಕಿದ್ರೆ ನಾನು ಬೀದಿ ದಾಟಿ ಬಟ್ಟೆ ಅಂಗಡೀಲಿ ನಿಂತ್ಕೋಬೇಕು. ಸ್ವಲ್ಪ ತಲೆ ಎತ್ತಮ್ಮ ಅಂತ ಮದುಮಗಳಿಗೆ ತಂತಿ ಕೊಡಬೇಕಾಗುತ್ತೆ."

ದೂರದಿಂದ, ಗೊತ್ತಾಗದ ಹಾಗೆ! ನನ್ನ ಕಣ್ಣ ಮುಂದೆ ಹಿತ್ತಲ ಕಲ್ಲು, ಕಲ್ಲಿನ ಮೇಲೆ ಅತ್ತೆ.

"ಇದು ಇಲ್ಲಿಗೆ ಯಾವಾಗ ಬರುತ್ತೆ?" ಎಂದು ಕೇಳಿದೆ.

"ಜರ್ಮನಿಯಿಂದ ಹಡಗಲ್ಲಿ ಬೊಂಬಾಯಿಗೆ ಬರಬೇಕು. ಅಲ್ಲಿ ಪರವಾನಗಿ ಸಿಗಬೇಕು. ಬರೋ ವರ್ಷದ ಹುತ್ತರಿ ಹಬ್ಬಕ್ಕೆ ಬಂದ್ರೆ ನಮ್ಮ ಪುಣ್ಯ."

ಅತ್ತೆ ಕಾಶಿಗೆ ಹೊರಡಲು ಉಳಿದಿದ್ದು ಎಂಟು ದಿನ. ನನ್ನ ಮುಖ ಬಾಡಿದ್ದನ್ನು ಕಂಡು ತಿಮ್ಮಯ್ಯ ತಮಾಷೆಗೆ, "ಒಳಗೆ ಇರೋದು ಗಾಜು ತಾನೇ? ಉದ್ದ ಕೊಳವೆಗೆ ಮುದುಕರ ಕನ್ನಡಕದ ಗಾಜು ಸಿಕ್ಕಿಸಿದ್ರೂ ಅರ್ಧ ಕೆಲಸ ಆಗುತ್ತೆ" ಎಂದ. ಅವರಿಬ್ಬರೂ ನಕ್ಕರು. ನಾನು ನಗದೆ ಎದ್ದು ಹೋಗಿ ಹಿತ್ತಲಲ್ಲಿ ಬಿದಿರು ಹುಡುಕತೊಡಗಿದೆ.

ನಮ್ಮ ಮನೆಯಲ್ಲಿ ಮುದುಕರ ಕನ್ನಡಕವೆಂದು ಇದ್ದದ್ದು ಒಂದೇ. ಮರುದಿನ ಬೆಳಿಗ್ಗೆ ಅತ್ತೆ ಸ್ನಾನಕ್ಕೆ ಹೋದಾಗ ಗೂಡಿನಲ್ಲಿಟ್ಟಿದ್ದ ಕನ್ನಡಕವನ್ನು ಎತ್ತಿದೆ. ಒಂದು ಗಾಜನ್ನು ಬಿಡಿಸಿ, ಅದೇ ಅಳತೆಯ ಬಿದಿರಿನ ಬಾಯಿಗೆ ಜೇನುಮೇಣದಿಂದ ಅಂಟಿಸಿದೆ. ಒಂದೇ ಕಣ್ಣು ಉಳಿದ ಕನ್ನಡಕವನ್ನು ಅಂಗಿಯ ಜೇಬಿಗೆ ಇಳಿಬಿಟ್ಟೆ. ರೀಲಿನ ಬದಲು ಗಾಜಿನ ಪ್ಲೇಟಿನ ಮೇಲೆ ಚಿತ್ರ ಹಿಡಿಯುವ ನನ್ನ ಹಳೆಯ ಕ್ಯಾಮರಾದ ಲೆನ್ಸು ಕಳಚಿ ಅಲ್ಲಿಗೆ ಬಿದಿರು ಕಟ್ಟಿದೆ. ಮುಚ್ಚಳಕ್ಕೆ ತೆಂಗಿನ ಚಿಪ್ಪು. ಜರ್ಮನಿಯವರು ವರ್ಷಗಟ್ಟಲೆ ಹೆಣಗಿದ್ದನ್ನು ನಾನು ಕಾಫಿ ಆರುವುದರೊಳಗೆ ಮುಗಿಸಿದ್ದೆ.

ಅತ್ತ ಮನೆಯಲ್ಲಿ ಕನ್ನಡಕದ ಹುಡುಕಾಟ ಶುರುವಾಯಿತು. ಹಾಸಿಗೆ ಕೊಡವಿದರು, ಅಕ್ಕಿ ಡಬ್ಬ ಸುರಿದರು. ನಾನೂ ಬಹಳ ಶ್ರದ್ಧೆಯಿಂದ ಹುಡುಕಿದೆ. ಒಲೆಯ ಬೂದಿಯನ್ನೂ ಕೆದಕಿದೆ.

"ನೀವು ಇಷ್ಟು ಮುತುವರ್ಜಿಯಿಂದ ಮನೆ ಕೆಲಸ ಮಾಡಿದ್ದು ನಾನು ನೋಡೇ ಇಲ್ಲ" ಎಂದು ಕಾಂತ ನನ್ನನ್ನು ಒಂದು ಥರ ನೋಡಿದಳು.

"ಪಾಪ, ಅತ್ತೆಗೆ ಕಣ್ಣು ಕಾಣಲ್ವಲ್ಲ" ಎಂದೆ.

ಕಣ್ಣು ಕಾಣದಿದ್ದರೂ ಅತ್ತೆಯ ಕೈ ಸುಮ್ಮನಿರುವ ಜಾತಿಯಲ್ಲ. ಮರುದಿನ ನನ್ನ ಬಿದಿರು ನೋಡಲು ತಿಮ್ಮಯ್ಯ ಬಂದ. ಮನೆಗೆ ಬಂದವರಿಗೆ ನನ್ನ ಕೈಯಾರೆ ಏನಾದರೂ ಮಾಡುತ್ತೇನೆಂದು ಅತ್ತೆ ಅಡುಗೆಮನೆಗೆ ಹೋಗಿ ಪಾಯಸಕ್ಕಿಟ್ಟರು. ಫೋಟೋ ಪ್ಲೇಟನ್ನು ಕಡೆಗೆ ಅದ್ದಿ ತೆಗೆಯುವ ಹೈಪೋ ಎಂಬ ಉಪ್ಪೊಂದಿದೆ; ನೋಡಲು ಥೇಟ್ ಕಲ್ಲುಸಕ್ಕರೆ. ನಮ್ಮೂರಿನ ತಂಡಿಗೆ ನೀರಾಗಬಾರದೆಂದು ಅದರ ಡಬ್ಬವನ್ನು ನಾನು ಒಲೆಯ ಮೇಲಿನ ಅಟ್ಟದಲ್ಲಿ ಇಡುತ್ತಿದ್ದೆ. ಅತ್ತೆ ಕಲ್ಲುಸಕ್ಕರೆಯೆಂದು ಆ ಡಬ್ಬವನ್ನೇ ಪೂರ್ತಿ ಪಾಯಸಕ್ಕೆ ಸುರಿದಿದ್ದರು.

ತಿಮ್ಮಯ್ಯ ಮೊದಲ ಗುಟುಕು ಕುಡಿದು ನನ್ನ ಮುಖ ನೋಡಿದ. ಎದುರಿಗೆ ಅತ್ತೆ ನಿಂತಿದ್ದರು.

"ಚೆನ್ನಾಗಿದೆಯಾ ಮಗಾ?" ಎಂದರು.

"ಚೆನ್ನಾಗಿದೆ ಅವ್ವ" ಎಂದ ಆ ಪುಣ್ಯಾತ್ಮ.

"ಹಂಗಾದ್ರೆ ಇನ್ನೊಂದು ಲೋಟ ಕುಡಿ."

ಹಿರಿಯರ ಮನಸ್ಸು ನೋಯಿಸಬಾರದೆಂದು ಅವನು ಅದನ್ನೂ ಕುಡಿದ. ನಾನು ನಾಲಿಗೆಗೆ ಹಚ್ಚಿದೊಡನೆ ಸಂಗತಿ ತಿಳಿದು, ಹಾಲು ಒಡೆದಿದೆಯೆಂದು ನೆಪ ಹೇಳಿ ಪಾತ್ರೆಯನ್ನೇ ಎತ್ತಿಕೊಂಡು ಹೋಗಿ ತಿಪ್ಪೆಗೆ ಚೆಲ್ಲಿದೆ. ತಿಮ್ಮಯ್ಯ ಹುದಿಕೇರಿಗೆ ಹೋಗುವ ದಾರಿಯಲ್ಲಿ ಜೀಪನ್ನು ಐದು ಕಡೆ ನಿಲ್ಲಿಸಬೇಕಾಯಿತಂತೆ. ಅತ್ತೆಗೆ ನಿಜ ಹೇಳುವಂತಿಲ್ಲ. ಹೇಳಿದರೆ ಕನ್ನಡಕದ ಮಾತು ಬರುತ್ತದೆ. ಆ ದಿನ ನನಗೆ ನಿಜವಾಗಿಯೂ ನಾಚಿಕೆಯಾಯಿತು. ಆದರೆ ಉಳಿದಿದ್ದು ಆರೇ ದಿನ. ಫೋಟೋ ಬಂದಮೇಲೆ ಎಲ್ಲ ತಪ್ಪೊಪ್ಪಿಕೊಂಡರಾಯಿತೆಂದು ಕ್ಯಾಮರಾ ಹೊತ್ತು ಹಿತ್ತಲಾಚೆಯ ಕಾಫಿ ಗಿಡಗಳ ನಡುವೆ ಹೊಕ್ಕೆ.

ಹೂಮಳೆ ಬಿದ್ದು ವಾರವಾಗಿತ್ತು. ಕಾಫಿ ಗಿಡವೆಲ್ಲ ಬೆಳ್ಳಗೆ ಹೂ ಬಿಟ್ಟಿತ್ತು. ನೋಡಲು ಸ್ವರ್ಗ. ಆದರೆ ಆ ಸ್ವರ್ಗದ ತುಂಬ ಜೇನುಹುಳ. ನನ್ನ ಬಿದಿರಿನ ಬಾಯಿಗೆ ಮೆತ್ತಿದ್ದು ಅವುಗಳ ಮನೆಯದೇ ಮೇಣ. ಬಾಯಿ ಬಿಟ್ಟು ಕೇಳಲಾರದ ಅವು, ಕ್ಯಾಮರಾದ ಹಿಂದೆ ನಾನು ತಲೆಗೆ ಹೊದ್ದಿದ್ದ ಕರಿಬಟ್ಟೆಯೊಳಗೇ ನುಗ್ಗಿ ವಿಚಾರಿಸಿದವು.

ಕನ್ನಡಕದ ಗಾಜಿಗೆ ಬೆಳಕು ಸಾಲದು. ಚಿಪ್ಪು ತೆಗೆದು ಒಂದು, ಎರಡು ಎಂದು ಐದರ ತನಕ ಎಣಿಸಿ ಮತ್ತೆ ಮುಚ್ಚಬೇಕು. ಮೊದಲ ದಿನ ಎರಡಕ್ಕೇ ನನ್ನ ಮೂಗಿಗೆ ಜೇನು ಕುಟುಕಿತು. ತೊಳೆಯಲು ಹೈಪೋ ಇಲ್ಲದಿದ್ದರೂ ಆ ಪ್ಲೇಟು ಹಾಳೆಂದು ಹೇಳಲು ಜ್ಯೋತಿಷಿ ಬೇಕಿರಲಿಲ್ಲ. ಎರಡನೆಯ ದಿನ ನಾಲ್ಕು ಎನ್ನುವಾಗ ಅತ್ತೆ ಎದ್ದು ಒಳಗೆ ಹೋದರು. ಮೂರನೆಯ ದಿನ ನನ್ನ ಬಳಿ ಒಂದೇ ಪ್ಲೇಟು ಉಳಿದಿತ್ತು. ಕಣ್ಣೆರಡೂ ಊದಿದ್ದವು. ದೇವರ ಮೇಲೆ ಭಾರ ಹಾಕಿ ಚಿಪ್ಪು ತೆಗೆದೆ. ಒಂದು. ಎರಡು. ಮೂರು. ನಾಲ್ಕು. ಐದು. ಮುಚ್ಚಿದೆ. ಗೆದ್ದೆನೆಂದು ಉಸಿರು ಬಿಡುವಷ್ಟರಲ್ಲಿ ಬೇಲಿಯಾಚೆಯಿಂದ ಕೂಗು ಕೇಳಿಸಿತು.

ಪಕ್ಕದ ಮನೆಯ ರಾಮಮ್ಮ ಸೌದೆಗೆ ಬಂದವರು ಕಾಫಿ ಗಿಡದ ಸಂದಿಯಿಂದ ಚಾಚಿದ್ದ ಉದ್ದನೆಯ ನಳಿಗೆಯನ್ನು ಕಂಡಿದ್ದರು. ಮನೆಮನೆಯಲ್ಲೂ ಕೋವಿ ಇರುವ ಊರು ನಮ್ಮದು. ಬಿದಿರೆಂದು ಯಾರು ತಿಳಿಯುತ್ತಾರೆ?

"ಕಾಂತಮ್ಮಾ, ಬಾರೇ ಇಲ್ಲಿ! ನಿಮ್ಮವ್ವನ ಮೇಲೆ ಯಾರೋ ಕೋವಿ ಹಿಡಿದವನೆ!"

ನಾನು ಪ್ಲೇಟನ್ನು ಬಿಡಿಸಿಕೊಳ್ಳುವಷ್ಟರಲ್ಲಿ ಅರ್ಧ ಮೂರ್ನಾಡು ನಮ್ಮ ಹಿತ್ತಲಲ್ಲಿತ್ತು. ಕತ್ತಿ, ದೊಣ್ಣೆ, ಒಂದು ನಿಜವಾದ ಕೋವಿ. ಕರಿಬಟ್ಟೆ ಎಳೆದರೆ ಒಳಗೆ ಮೂಗು ಊದಿದ ನಾನು. ಬೆಳಕು ತಾಗದಂತೆ ಮುಚ್ಚಿದ್ದ ಪ್ಲೇಟನ್ನು ಎದೆಗವಚಿಕೊಂಡು ಎದ್ದೆ. ಏಳುವ ಭರಕ್ಕೆ ಜೇಬಿನಿಂದ ಒಕ್ಕಣ್ಣಿನ ಕನ್ನಡಕ ಜಾರಿ ಕಾಂತಳ ಕಾಲ ಬಳಿ ಬಿತ್ತು.

ಅವಳು ಅದನ್ನು ಎತ್ತಿಕೊಂಡು ನೋಡಿದಳು. ಬಿದಿರಿನ ಬಾಯಿಯನ್ನೂ ನೋಡಿದಳು. "ಆ ಪಾಯಸ..." ಎಂದಳು.

"ಹೂಂ" ಎಂದೆ.

"ಒಲೆ ಬೂದಿ ಕೆದಕಿದ್ರಲ್ಲ ರೀ" ಎಂದಳು. ಇಡೀ ಊರು ನಕ್ಕಿತು. ಅವಳು ನಗಲಿಲ್ಲ. ಅತ್ತೆ ಮಾತ್ರ ಕಲ್ಲಿನ ಮೇಲೆ ಕೂತು ತಮಗೂ ಇದಕ್ಕೂ ಸಂಬಂಧವಿಲ್ಲವೆಂಬಂತೆ ಬತ್ತಿ ಹೊಸೆಯುತ್ತಿದ್ದರು.

ಮರುದಿನ ವಿರಾಜಪೇಟೆಗೆ ಬಸ್ಸು ಹತ್ತಿ ಚನ್ನಮಲ್ಲಪ್ಪನ ಹತ್ತಿರ ಹೈಪೋ ಬೇಡಿ ತಂದೆ. ನನ್ನ ಮುಖ ನೋಡಿ ಅವನು, "ಜರ್ಮನಿ ಲೆನ್ಸು ಒದೆಯೋದೂ ಉಂಟಾ?" ಎಂದು ಕೇಳಿದ. ಮನೆಗೆ ಬಂದವನೇ ಕತ್ತಲೆ ಕೋಣೆ ಸೇರಿದೆ. ಈ ಪ್ಲೇಟು ಹಾಳಾಗಿದ್ದರೆ ಕಾಂತಳಿಗೆ ಮುಖ ತೋರಿಸುವುದು ಹೇಗೆಂದು ಯೋಚಿಸುತ್ತಲೇ ಅದನ್ನು ಅದ್ದಿ ತೆಗೆದೆ.

ಹಾಳಾಗಿರಲಿಲ್ಲ. ತೊಳೆದು, ಒಣಗಿಸಿ, ಅಚ್ಚು ತೆಗೆದು ತಂದು ಕಾಂತಳ ಕೈಗಿಟ್ಟೆ. ಅತ್ತೆ ಕಲ್ಲಿನ ಮೇಲೆ ನೆಟ್ಟಗೆ ಕೂತಿದ್ದಾರೆ. ಸೆರಗು ತಲೆಯ ಮೇಲೆ ಒಪ್ಪವಾಗಿದೆ. ಹಣೆಯ ಗೆರೆ, ಬೆರಳ ನಡುವಿನ ಬತ್ತಿ, ಎಲ್ಲ ಕಾಣುತ್ತದೆ. ಕಣ್ಣು ನೇರ ನೋಡುವವರನ್ನೇ ನೋಡುತ್ತಿದೆ.

ಕಾಂತ ಅದನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿದಳು. "ಕಣ್ಣು ಬಂದಿದೆ ರೀ" ಎಂದು ಸೆರಗಿನಿಂದ ಮುಖ ಒರೆಸಿಕೊಂಡಳು.

ನನಗೆ ಹೋದ ಜೀವ ಬಂತು. ಜೀವದ ಜೊತೆ ಜಂಬವೂ ಬಂತು. "ಏನಂದ್ಕೊಂಡಿದ್ದೀಯ ನಿನ್ನ ಗಂಡನ್ನ? ಬಿದಿರಲ್ಲಿ ಈ ಥರ ತೆಗೆಯೋನು ಜರ್ಮನೀಲೂ ಇಲ್ಲ" ಎಂದೆ.

"ಈ ಕೋಳಿ ಯಾಕೆ ಹೊಗೆ ಥರ ಇದೆ?"

"ಅಲ್ಲಾಡಿದೆ. ಐದು ಎಣಿಸೋ ತನಕ ಅಲ್ಲಾಡದೆ ಇದ್ದಿದ್ದು ಮಾತ್ರ ಸ್ಪಷ್ಟ ಬರುತ್ತೆ."

"ನಾಯಿಗೆ ಎರಡು ತಲೆ ಇದೆ."

"ಅದೂ ಅಲ್ಲಾಡಿದೆ."

"ಹಂಗಾದ್ರೆ ಅವ್ವ? ಬತ್ತಿ ಹೊಸೆಯೋರು ಐದು ಎಣಿಸೋ ತನಕ ಕೈ ನಿಲ್ಲಿಸ್ತಾರಾ?"

ಇಬ್ಬರೂ ಅತ್ತೆಯ ಕಡೆ ತಿರುಗಿದೆವು. ಅವರು, ನಾನು ಮತ್ತೆ ಗಾಜು ಕೂಡಿಸಿಕೊಟ್ಟಿದ್ದ ಕನ್ನಡಕವನ್ನು ಮೂಗಿಗೇರಿಸಿ ತಮ್ಮ ಫೋಟೋವನ್ನು ಕೈಗೆ ತೆಗೆದುಕೊಂಡರು.

"ಕನ್ನಡಕ ಇಲ್ದಿದ್ರೆ ಕಣ್ಣು ಕಾಣಲ್ಲ. ಕಿವಿಗೇನಾಗಿತ್ತು ನಂಗೆ?" ಎಂದರು. "ಗಿಡದ ಸಂದೀಲಿ ಒಂದು, ಎರಡು ಅಂತ ಎಣಿಸ್ಕೊಂಡು, ನಡುನಡುವೆ ಜೇನುಹುಳಕ್ಕೆ ಬೈಕೊಂಡು ಕೂರೋರು ಈ ಮನೇಲಿ ಇನ್ಯಾರವ್ರೆ? ಮೊದ್ಲನೇ ದಿನಾನೇ ಗೊತ್ತಾಯ್ತು. ಎರಡ್ನೇ ದಿನ ಎದ್ದು ಹೋದೆ, ಮನಸು ಒಪ್ಪಲಿಲ್ಲ. ರಾತ್ರಿ ಎಲ್ಲ ಈ ಹುಡುಗಿ ಮುಖಾನೇ ಕಣ್ಣಿಗೆ ಕಟ್ತು. ಮೂರ್ನೇ ದಿನ ಸೆರಗು ಸರಿ ಮಾಡ್ಕೊಂಡು ಉಸಿರು ಬಿಗಿ ಹಿಡ್ದು ಕೂತ್ಕೊಂಡೆ."

"ಒಂದು ಮಾತು ಹೇಳಿದ್ರೆ ಎದುರಿಗೇ ಬಂದು ತೆಗೀತಿದ್ದೆನಲ್ಲ ಅತ್ತೆ" ಎಂದೆ, ಊದಿದ ಮೂಗನ್ನು ಸವರಿಕೊಳ್ಳುತ್ತಾ.

"ಹೇಳಿದ್ರೆ ಆಣೆ ಮುರೀತಿತ್ತಲ್ಲ ಅಳಿಯಂದ್ರೇ. ಈಗ ನನ್ನ ಮೇಲೆ ಏನೂ ಇಲ್ಲ. ಕನ್ನಡಕ ಕದ್ದಿದ್ದು ನೀವು, ಕದ್ದು ಕೂತಿದ್ದು ನೀವು, ಫೋಟೋ ಕದ್ದಿದ್ದೂ ನೀವು. ಪಾಪವೆಲ್ಲ ನಿಮ್ದೇ" ಎಂದು ಫೋಟೋವನ್ನು ಮಗಳ ಕೈಗೆ ಕೊಟ್ಟು, ನನ್ನ ಕಡೆ ತಿರುಗಿ, "ಯೋಚನೆ ಮಾಡ್ಬೇಡಿ. ಗಂಗೇಲಿ ನಿಮ್ಮ ಹೆಸರಲ್ಲೂ ಮುಳುಗ್ತೀನಿ. ನಿಮಗೆ ಒಂದು ಮುಳುಗು ಸಾಲಲ್ಲ, ಐದು ಎಣಿಸೋ ತನಕ ಒಳಗೇ ಇರ್ತೀನಿ" ಎಂದರು.