ಬೀರ್ಯಾನ ಜಾಗ

ನಮ್ಮ ಕಾಕಾ ಶಾಲೆ ಕಲಿತದ್ದಕ್ಕಿಂತ ಶಾಲೆ ಬಿಡಿಸಿದ್ದೇ ಹೆಚ್ಚು! ಹಾಗೆಂದರೆ ಅವನಿಗೆ ಸಿಟ್ಟೂ ಬರುತ್ತಿರಲಿಲ್ಲ. "ಹೌದೇಳು, ಒಂದ್ ಸಲ ಪೂರಾ ಸಾಲೀನ ಬಿಡಿಸೇನಿ" ಎಂದು ಎದೆಯುಬ್ಬಿಸುತ್ತಿದ್ದ.

ಸಂಸ್ಥಾನ ಹೋಗಿ ಮುಂಬೈ ಸರಕಾರ ಬಂದ ಹೊಸತು. ಚಿಮ್ಮಡದ ಹತ್ತಿರದ ನಮ್ಮ ಹಳ್ಳಿಯಲ್ಲಿ ಕಾಕಾ ಆಗ ನಾಲ್ಕನೆಯ ಇಯತ್ತೆಯಲ್ಲಿ ಓದುತ್ತಿದ್ದ. ಪಕ್ಕದಲ್ಲಿ ಕೂರುತ್ತಿದ್ದವನು ಕುರಿಗಾರರ ಬೀರಪ್ಪ. ಮೇವು ಹುಡುಕುತ್ತ ಹಿಂಡಿನ ಜೊತೆ ಹೋಗಿದ್ದ ಬೀರಪ್ಪ ಮರಳಿ ಬಂದರೆ, ಮಾಸ್ತರರು ಬಾಗಿಲಲ್ಲೇ ನಿಲ್ಲಿಸಿದರು: "ನಿನ್ನ ಹೆಸರ ಹೊಡದ ಹಾಕೇನಿ. ಕುರಿ ಕಾಯ್ ಹೋಗ್!"

ಕಾಕಾ ಪಾಟಿಚೀಲ ಎತ್ತಿಕೊಂಡು ಹೊರಬಿದ್ದ. ಅವನ ಹಿಂದೆ ಇಡೀ ಶಾಲೆ! ಹುಡುಗರೆಲ್ಲ ಬೀರಪ್ಪನ ಕುರಿಹಟ್ಟಿಯಲ್ಲಿ ಕಂಬಳಿ ಹಾಸಿ ಕೂತರು. ಶಾಲಾ ಕಮಿಟಿಯ ಅಧ್ಯಕ್ಷರು ಯಾರೆಂದಿರಿ? ಕಾಕಾನ ಅಪ್ಪ, ಅಂದರೆ ನನ್ನ ಅಜ್ಜ! ಬೆತ್ತ ಹಿಡಿದೇ ಬಂದರು.

"ಸಾಲಿಗೆ ಹೊಕ್ಕಿಯೋ ಇಲ್ಲೋ?"

"ಬೀರ್ಯಾ ಬಂದ್ರ ಹೊಕ್ಕೇನ್ರಿ."

"ಇಲ್ಲಂದ್ರ ನೀನೂ ಕುರಿ ಕಾಯಬೇಕಾಕ್ಕೈತಿ, ಮಗನ!"

"ಅದನ್ನೂ ಬೀರ್ಯಾನ ಕಲಸಬೇಕಲ್ರಿ ಅಪ್ಪಾ!"

ಬೆನ್ನ ಮೇಲೆ ಬಾಸುಂಡೆ ಎದ್ದವು, ಕಾಕಾ ಏಳಲಿಲ್ಲ.

ಮರುದಿನ ಹುಡುಗರು ಮತ್ತೆ ಹಟ್ಟಿಯಲ್ಲಿ ಕೂಡುವಷ್ಟರಲ್ಲಿ ಮಾಸ್ತರರೇ ಅಲ್ಲಿಗೆ ಬಂದು, "ಆತು, ಅವನ್ನೂ ಕರ್ಕೊಂಡ ಬರ್ರಿ" ಎಂದರು. ಗೆದ್ದೆವೆಂದು ಹುಡುಗರು ಕುಣಿದರೆ ಬೀರಪ್ಪ ಎಲ್ಲಿ? ದೊಡ್ಡವರ ವೈರ ನಮಗ್ಯಾಕೆಂದು ಅವನಪ್ಪ ಹೆದರಿ, ನಸುಕಿನಲ್ಲೇ ಮಗನನ್ನೂ ಕುರಿಗಳನ್ನೂ ಹೊರಡಿಸಿಕೊಂಡು ಹಿಪ್ಪರಗಿಯ ಹೊಳೆದಂಡೆ ಹಿಡಿದಿದ್ದ.

ಅಂದಿನಿಂದ ಪ್ರತಿವರ್ಷ ಆ ದಿನ ಕಾಕಾ ಶಾಲೆಯ ಮುಂದೆ ಕಂಬಳಿ ಹಾಸಿ ಹಳೆಯ ಗೆಳೆಯರನ್ನು ಕೂಡಿಸುತ್ತಿದ್ದ. ತನ್ನ ಪಕ್ಕದ ಜಾಗ ಮಾತ್ರ ಖಾಲಿ. ಒಮ್ಮೆ ತಪಾಸಣೆಗೆ ಬಂದ ಸಾಹೇಬರು ಅಲ್ಲೇ ಕೂತುಬಿಟ್ಟರು.

"ಏಳ್ರಿ ಸಾಹೇಬ್ರ, ಅದು ಬೀರ್ಯಾನ ಜಾಗಾ!"

ಪಾಪ, ಸಾಹೇಬರು ಧೂಳಿನಲ್ಲಿ ಕೂತರು. ಆಗ ಒಂದನೆಯ ಇಯತ್ತೆಯಲ್ಲಿದ್ದ ನನಗೋ ನೆಲ ಬಾಯಿಬಿಡಬಾರದೇ ಅನ್ನಿಸಿತು. ದೂರ ನಿಂತ ಅಜ್ಜನ ಗೊಣಗಾಟ ಬೇರೆ: "ಸಾಲಿ ಬಿಟ್ಟದ್ದಕ್ಕ ಹಬ್ಬಾ ಮಾಡವ ಜಗದಾಗ ಇವ್ನ ಒಬ್ಬ!"

ಒಂದು ವರ್ಷ ಬೀರಪ್ಪ ಬಂದೇಬಿಟ್ಟ. ಚಿಗುರುಮೀಸೆ, ಹೆಗಲ ಮೇಲೆ ಕಂಬಳಿ, ಕೈ ಹಿಡಿದ ಪುಟ್ಟ ತಂಗಿ.

"ನಂದಂತೂ ಮುಗದ ಹೋತು. ನನ್ನ ಜಾಗಾದಾಗ ಈಕೀನ್ನ ಕೂಡಸ್ಲೇನೋ?"

ಕಾಕಾ ಕಂಬಳಿ ಸರಿಮಾಡಿ ಜಾಗ ತೋರಿಸಿದ. ಆದರೆ ಬೀರಪ್ಪ ತಂಗಿಯ ಕೈ ಬಿಡಲಿಲ್ಲ.

"ನಾಳೆ ಕುರಿ ಹೊಂಟ್ರ ಈಕಿ ಹೆಸರೂ ಹೊಡೀತಾರಲ್ಲೋ?"

ಊರಿಗೇ ಉತ್ತರ ಕೊಡುತ್ತಿದ್ದ ಕಾಕಾ ಅಜ್ಜನತ್ತ ತಿರುಗಿದ. ಬೇವಿನ ಮರದ ಕೆಳಗಿದ್ದ ಅಜ್ಜ ಮೆಲ್ಲಗೆ ಹತ್ತಿರ ಬಂದರು.

"ಕುರಿ ಹೋಗ್ಲಿ, ಕೂಸು ನಮ್ಮ ಮನ್ಯಾಗ ಇರ್ಲಿ" ಎಂದರು. "ನನ್ನ ಮಗಗ ಕುರಿ ಕಾಯೂದ ಕಲಸಾಕ ಯಾರರೆ ಬೇಕಲ್ಲ!"

ಅಷ್ಟು ಬೆತ್ತದೇಟಿಗೂ ಅಳದ ಕಾಕಾ ಅವತ್ತು ಕಂಬಳಿಯ ತುದಿಯಲ್ಲಿ ಕಣ್ಣೊರೆಸಿಕೊಂಡ.