ಚಿಕ್ಕಪ್ಪನ ಕೈಗಳು ಯಾರವು?

ನಮ್ಮ ಚಿಕ್ಕಪ್ಪನ ಮೈಗೆ ಬೇರೆ ಯಾರದೋ ಕೈಗಳು ಬಂದು ಸೇರಿಕೊಂಡಿವೆ. ನಗಬೇಡಿ! ಇದು ನನ್ನ ಮಾತಲ್ಲ. ಶೆಟ್ಟಿಹಳ್ಳಿಯ ತಮ್ಮ ಮನೆಯ ಸೋಫಾದಲ್ಲಿ ಕೂತು, ಎರಡೂ ಹಸ್ತಗಳನ್ನು ಮಾರಾಟಕ್ಕಿಟ್ಟ ಹಾಗೆ ತೊಡೆಯ ಮೇಲಿಟ್ಟುಕೊಂಡು ಅವರೇ ಹೇಳಿದ್ದು.

"ನೋಡ್ಲಾ, ಇವು ನನ್ನವಲ್ಲ. ಬೆಳಿಗ್ಗೆ ಕಣ್ಬಿಟ್ರೆ ಪಕ್ಕದಲ್ಲಿ ಯಾರ್ದೋ ಕೈ ಮಲಗಿರ್ತದೆ. ಎತ್ತಿ ಆಚೆ ಇಡೋಣ ಅಂತ ಎಳೆದ್ರೆ ನನ್ನ ಭುಜಾನೇ ಬರ್ತದೆ ಕಣೋ!"

ಇದಕ್ಕೆಲ್ಲ ಮೂಲ ಫ್ರಿಜ್ಜು. ವಸಂತನರಸಾಪುರದ ಕಾರ್ಖಾನೆಯೊಂದರಲ್ಲಿ ಸ್ಟೋರ್ಸ್ ನೋಡಿಕೊಳ್ಳುವ ಚಿಕ್ಕಪ್ಪನಿಗೆ ನಿವೃತ್ತಿ ಹತ್ತಿರ ಬಂದಾಗ ಜಿಮ್ಮಿಗೆ ಸೇರುವ ಬುದ್ಧಿ ಬಂತು. ಅಷ್ಟಕ್ಕೇ ನಿಂತಿದ್ದರೆ ಏನಾಗುತ್ತಿತ್ತು? ಅಲ್ಲಿಯ ಕೋಚು ಗ್ರೋತ್ ಹಾರ್ಮೋನ್ ಇಂಜೆಕ್ಷನ್ನಿನ ರುಚಿ ಹತ್ತಿಸಿದ. ಫ್ರಿಜ್ಜಿನಲ್ಲಿ ಮೊಸರಿನ ಪಾತ್ರೆಯ ಪಕ್ಕ ಪುಟ್ಟ ಪುಟ್ಟ ಸೀಸೆಗಳು ಬಂದು ಕೂತವು. ಚಿಕ್ಕಪ್ಪ ಹೊಟ್ಟೆಯ ಚರ್ಮ ಹಿಡಿದೆತ್ತಿ ತಾವೇ ಚುಚ್ಚಿಕೊಳ್ಳತೊಡಗಿದರು.

"ಇದ್ರಿಂದ ವಯಸ್ಸು ಹಿಂದಕ್ಕೆ ಹೋಗ್ತದೆ ಕಣೋ" ಎಂದರು ನನಗೆ.

"ಎಲ್ಲೀವರೆಗೆ ಹೋಗ್ತದೆ ಚಿಕ್ಕಪ್ಪ? ವಾಪಸ್ ಬರೋಕೆ ಬಸ್ ಐತಾ?"

"ನಿಂಗೆ ಹೊಟ್ಟೆಕಿಚ್ಚು ಬುಡು!"

ತೋಳು ದಪ್ಪಗಾದದ್ದು ನಿಜ, ಸುಳ್ಳು ಹೇಳಬಾರದು. ಅದರ ಹಿಂದೆಯೇ ಬೆರಳುಗಳು ಊದಿದವು, ಜುಮ್ಮೆಂದವು, ಆಮೇಲೆ ಏನೂ ಅನ್ನದೆ ಸುಮ್ಮನಾದವು.

ಗುಬ್ಬಿಯಲ್ಲಿ ನೆಂಟರ ಮದುವೆ. ವೇದಿಕೆ ಹತ್ತಿದ ಚಿಕ್ಕಪ್ಪ ಮದುಮಗನ ಕೈ ಕುಲುಕಿದರು, ಫೋಟೊಗೆ ನಕ್ಕರು, ಇಳಿಯಲು ಹೊರಟರು. ಮದುಮಗನೂ ಜೊತೆಗೆ ಹೊರಟ! "ಅಂಕಲ್, ಕೈ ಬಿಡಿ" ಎಂದ ಪಾಪ, ಬೆವರುತ್ತಾ.

"ಆಗ್ಲೇ ಬಿಟ್ಟಿದೀನಲ್ಲಪ್ಪಾ!" ಎಂದರು ಚಿಕ್ಕಪ್ಪ.

ಸಭೆಗೆ ಸಭೆಯೇ ನಕ್ಕಿತು. ನಾನೂ ನಗುತ್ತಲೇ ಹತ್ತಿರ ಹೋಗಿ ಚಿಕ್ಕಪ್ಪನ ಬೆರಳುಗಳನ್ನು ಒಂದೊಂದಾಗಿ ಬಿಡಿಸಿದೆ. ಕೈ ತನ್ನ ಪಾಡಿಗೆ ತಾನು ಬಿಗಿಯಾಗಿ ಹಿಡಿದುಕೊಂಡೇ ಇತ್ತು. ಅವರ ಮುಖಕ್ಕೆ ಅದರ ಸುದ್ದಿಯೇ ಮುಟ್ಟಿರಲಿಲ್ಲ. ಅಲ್ಲಿಗೆ ನನ್ನ ನಗು ನಿಂತಿತು.

ಡಾಕ್ಟರು ನೋಡಿ, "ಈ ಇಂಜೆಕ್ಷನ್ನಿಂದ ಮೈಯಲ್ಲಿ ನೀರು ತುಂಬಿ ಮಣಿಕಟ್ಟಿನ ನರ ಅದುಮಿಕೊಂಡಿದೆ, ಮೊದಲು ಅದನ್ನ ನಿಲ್ಲಿಸಿ" ಎಂದರು. ಚಿಕ್ಕಪ್ಪ ಕೇಳುವ ಆಸಾಮಿಯೇ? "ಈಗಷ್ಟೇ ತೋಳು ಬರ್ತಾ ಐತೆ, ಈಗ ಹೆಂಗೆ ನಿಲ್ಸೋದು?" ಎಂದು ಮನೆಗೆ ಬಂದು ಇನ್ನೊಂದು ಚುಚ್ಚಿಕೊಂಡರು.

ಮರುದಿನ ಬೆಳಗಿನ ಪೂಜೆ. ಎಡ ಅಂಗೈಯಲ್ಲಿ ಇಷ್ಟಲಿಂಗ ಇಟ್ಟುಕೊಂಡು ಕಣ್ಣು ಮುಚ್ಚಿ ಕೂತಿದ್ದರು. ಲಿಂಗ ಮೆಲ್ಲಗೆ ಜಾರಿತು. ಎದುರಿಗಿದ್ದ ಚಿಕ್ಕಮ್ಮ ಸೆರಗೊಡ್ಡಿದ್ದರಿಂದ ನೆಲ ಮುಟ್ಟಲಿಲ್ಲ, ಅದೇ ಪುಣ್ಯ. ಚಿಕ್ಕಪ್ಪನಿಗೆ ಗೊತ್ತೇ ಆಗಲಿಲ್ಲ! ಬರಿಗೈಯನ್ನು ಎದೆಯ ಮಟ್ಟಕ್ಕೆ ಹಿಡಿದು, ಜಪ ಮಾಡುತ್ತಾ, ಭಕ್ತಿಯಿಂದ ಕೂತೇ ಇದ್ದರು. ನೋಡಲಾಗಲಿಲ್ಲ ಎಂದು ಚಿಕ್ಕಮ್ಮ ಆಮೇಲೆ ನನಗೆ ಹೇಳಿದರು. ಅಂದಿನಿಂದ ಪೂಜೆಯ ಹೊತ್ತಿಗೆ ಅವರು ತಮ್ಮ ಕೈಯನ್ನು ಗಂಡನ ಕೈಯ ಕೆಳಗೆ ಕೊಡತೊಡಗಿದರು.

ಅದಾದ ಸ್ವಲ್ಪ ದಿನಕ್ಕೆ ಕುಣಿಗಲ್‌ನಲ್ಲಿ ಚಿಕ್ಕಪ್ಪನ ಷಡ್ಡಕರು ತೀರಿಕೊಂಡರು. ನಮ್ಮಲ್ಲಿ ಹೋದವರನ್ನು ಮಲಗಿಸುವುದಿಲ್ಲ. ವಿಭೂತಿ ಹಚ್ಚಿ, ಗೋಡೆಗೊರಗಿಸಿ ಕೂರಿಸಿ, ಅಂಗೈಯಲ್ಲಿ ಲಿಂಗ ಇಡುತ್ತಾರೆ. ಚಿಕ್ಕಪ್ಪ ಪಕ್ಕದಲ್ಲೇ ಕೂತು ಆ ಕೈಯನ್ನು ತಮ್ಮ ಕೈಯಲ್ಲಿ ಹಿಡಿದರು. ಹಿಡಿದವರು ಬಿಡಲೇ ಇಲ್ಲ. ಮತ್ತೆ ಬೆರಳು ಬಿಡಿಸುವ ಕೆಲಸ ಬಂತೆಂದುಕೊಂಡು ನಾನು ಬಗ್ಗಿದೆ. ಅವರು ನನ್ನ ಕಿವಿಯಲ್ಲಿ ಹೇಳಿದರು:

"ಯಾವ್ದು ಅವಂದು, ಯಾವ್ದು ನಂದು, ಗೊತ್ತಾಗ್ತಾ ಇಲ್ಲ ಕಣೋ."

ತಮಾಷೆಯೇನೋ ಎಂದು ಮುಖ ನೋಡಿದೆ. ಅಲ್ಲ.

"ಲಿಂಗ ಕೈಯಲ್ಲೇ ಐತೆ, ಅವನಿಗೆ ಗೊತ್ತಿಲ್ಲ. ನಂಗೂ ಗೊತ್ತಾಗಲ್ಲ. ಹಂಗಾರೆ ನಾನೂ ಹೋಗಿಬಿಟ್ಟಿದೀನೇನೋ?"

ಹಗಲು ಹೊತ್ತು, ಸುತ್ತ ಅಷ್ಟು ಜನ. ಆದರೂ ಹೆದರಿ, ಅವಸರದಲ್ಲಿ ಅವರ ಬೆರಳು ಬಿಡಿಸತೊಡಗಿದೆ.

ಊರಿಗೆ ಬಂದವರೇ ಚಿಕ್ಕಪ್ಪ ಫ್ರಿಜ್ಜಿನ ಸೀಸೆಗಳನ್ನೆಲ್ಲ ತೆಗೆದುಹಾಕಿದರು. ತೋಳು ಇಳಿಯಿತು. ಕೈ ಮಾತ್ರ ಬೇಗ ಬರಲಿಲ್ಲ. ಇನ್ನು ಬರುವುದೇ ಇಲ್ಲವೇನೋ ಎಂಬ ಹೆದರಿಕೆ ಮನೆಯಲ್ಲಿ ಎಲ್ಲರಿಗೂ.

ಮೊನ್ನೆ ಬೆಳಿಗ್ಗೆ ಹೋದಾಗ ಪೂಜೆ ನಡೆದಿತ್ತು. ಚಿಕ್ಕಪ್ಪನ ಕಣ್ಣು ಮುಚ್ಚಿತ್ತು. ಅವರ ಕೈಯ ಕೆಳಗೆ ಚಿಕ್ಕಮ್ಮನ ಕೈ. ಜಪ ಇದ್ದಕ್ಕಿದ್ದಂತೆ ನಿಂತಿತು.

"ಏನ್ರೀ?" ಎಂದರು ಚಿಕ್ಕಮ್ಮ, ಗಾಬರಿಯಾಗಿ.

"ಕೆಳಗಡೆ ಏನೋ ಬೆಚ್ಚಗೈತೆ."

"ನನ್ನ ಕೈ ರೀ ಅದು. ಲಿಂಗ? ಲಿಂಗ ಗೊತ್ತಾಗ್ತೈತಾ?"

ಚಿಕ್ಕಪ್ಪ ಕಣ್ಣು ತೆರೆಯಲಿಲ್ಲ.

"ಲಿಂಗ ಇನ್ನೂ ಬಂದಿಲ್ಲ ಕಣೇ. ನೀನು ಬಂದಿದೀಯ."

ಒಳಗೆ ಹಾಲು ಉಕ್ಕಿ ಸೀದ ವಾಸನೆ ಬಂತು. ಚಿಕ್ಕಮ್ಮ ಕದಲಲಿಲ್ಲ. ನಾನೇ ಎದ್ದು ಹೋಗಿ ಒಲೆ ಆರಿಸಿದೆ.